ಹಾಲಿನ ಲೆಕ್ಕದ ಪಕ್ಕದಲ್ಲೊಂದು ಕೆಂಪು ಚುಕ್ಕೆ

ತೀರ್ಥಹಳ್ಳಿ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ದನಿ ತಗ್ಗಿಸಿ ಮಾತಾಡುತ್ತಿದ್ದೆ. ಪಕ್ಕದ ಕೋಣೆಯಲ್ಲಿ ನಿನ್ನ ಅತ್ತೆ ಇದ್ದರೇನೋ. ಇಲ್ಲಿ ನಿನ್ನ ದೊಡ್ಡಪ್ಪನೂ ಪೇಪರು ಅಡ್ಡ ಹಿಡಿದು ಕಿವಿ ಇತ್ತಲೇ ಇಟ್ಟಿದ್ದರು. ಅದಕ್ಕೇ ಬರೆಯುತ್ತಿದ್ದೇನೆ. ಮೂವತ್ತೊಂದು ವರ್ಷ ಸರ್ಕಾರಿ ದಾದಿಯಾಗಿದ್ದವಳಿಗೆ ಈ ಮಾತಿನಲ್ಲಿ ಸಂಕೋಚ ಉಳಿದಿಲ್ಲ. ನೀನೂ ಸಂಕೋಚ ಬಿಟ್ಟು ಓದು, ಆಮೇಲೆ ಅಳಿಯಂದಿರ ಕೈಗೂ ಕೊಡು.

ಮೊಬೈಲಿನ ಆ್ಯಪ್ ಗರ್ಭ ನಿಲ್ಲಲು ತಕ್ಕದ್ದು ಮುಟ್ಟಾದ ಮೊದಲ ದಿನದಿಂದ ಎಣಿಸಿ ಹದಿನಾಲ್ಕನೆಯ ದಿನ ಎಂದು ತೋರಿಸುತ್ತದೆ, ಅದರಂತೆ ನಡೆದು ನಾಲ್ಕು ತಿಂಗಳಾದರೂ ಏನೂ ಆಗಲಿಲ್ಲ ಎಂದು ಬೇಸರ ಮಾಡಿಕೊಂಡಿದ್ದೆ. ಎಷ್ಟು ದಿನಕ್ಕೊಮ್ಮೆ ಮುಟ್ಟಾಗುತ್ತೀಯ ಎಂದು ನಾನು ಕೇಳಿದ್ದಕ್ಕೆ, ಹಿಂದಿನ ಮೂರು ಸಲ 33, 35, 34 ಎಂದೆ. ತೊಡಕಿರುವುದು ಅಲ್ಲೇ. ಹದಿನಾಲ್ಕನೆಯ ದಿನ ಎಂಬುದು 28 ದಿನಕ್ಕೆ ಮುಟ್ಟಾಗುವವರ ಲೆಕ್ಕ. ಅಂಡ ಹೊರಬಿದ್ದ ಮೇಲೆ ಮುಂದಿನ ಮುಟ್ಟಿಗೆ ಹೆಚ್ಚುಕಡಿಮೆ ಎಲ್ಲರಿಗೂ ಎರಡು ವಾರ ಹಿಡಿಯುತ್ತದೆ. ಹಿಗ್ಗುವುದು, ಕುಗ್ಗುವುದು ಅದಕ್ಕಿಂತ ಮೊದಲಿನ ದಿನಗಳು. ಹಾಗಾಗಿ ಎಣಿಸಬೇಕಾದದ್ದು ಹಿಂದಿನಿಂದ. 34ರಲ್ಲಿ 14 ಕಳೆದರೆ 20. ಒಂದೆರಡು ದಿನ ಆಚೀಚೆ ಆಗಬಹುದು, ಆದರೆ ನಿನ್ನದು ಹದಿನಾಲ್ಕಂತೂ ಅಲ್ಲ.

ವೀರ್ಯಾಣು ಹೆಣ್ಣಿನ ಒಡಲಿನಲ್ಲಿ ಐದು ದಿನದವರೆಗೂ ಬದುಕಬಲ್ಲದು. ಅಂಡ ಒಂದು ಹಗಲು ಒಂದು ರಾತ್ರಿಗಿಂತ ಹೆಚ್ಚು ಕಾಯುವುದಿಲ್ಲ. ನಮ್ಮೂರಿನ ಕೊನೆಯ ಬಸ್ಸಿನ ಹಾಗೆ: ನಾವೇ ಮೊದಲು ಹೋಗಿ ನಿಂತಿರಬೇಕು, ಅದು ನಮಗಾಗಿ ನಿಲ್ಲುವುದಿಲ್ಲ. ಆದ್ದರಿಂದ ನಿನಗೆ ಹದಿನೈದನೆಯ ದಿನದಿಂದ ಇಪ್ಪತ್ತೊಂದರವರೆಗೆ ದಿನ ಬಿಟ್ಟು ದಿನ ಸೇರಿದರೂ ಸಾಕು. ಗಡಿಯಾರ ನೋಡಿಕೊಂಡು ಗಂಡನನ್ನು ಕಚೇರಿಯಿಂದ ಓಡಿಸಿಕೊಂಡು ಬರುವ ಅಗತ್ಯವಿಲ್ಲ.

ಲೆಕ್ಕಕ್ಕಿಂತ ನಂಬಬಹುದಾದ ಗುರುತೊಂದಿದೆ. ಅಜ್ಜಿ ನಿನ್ನ ತಲೆಗೆ ಹಾಕಲು ಮತ್ತಿ ಸೊಪ್ಪು ಕಿವುಚಿ ಗೊಂಪು ತೆಗೆಯುತ್ತಿದ್ದುದು ನೆನಪಿದೆಯಲ್ಲ? ಎರಡು ಬೆರಳ ನಡುವೆ ಎಳೆದರೆ ಕಡಿಯದೆ ದಾರದಂತೆ ಬರುತ್ತಿತ್ತು. ಅಂಡ ಬಿಡುಗಡೆಯಾಗುವ ಮುಂಚಿನ ಎರಡು ಮೂರು ದಿನ ಅಂಥದ್ದೇ ಲೋಳೆ ಒಳಗಿನಿಂದ ಬರುತ್ತದೆ. ತಿಳಿಯಾಗಿ, ಜಾರುವಂತೆ ಇರುತ್ತದೆ. ಇದನ್ನು ಬಿಳಿ ಸೆರಗಿನ ಕಾಯಿಲೆ ಎಂದು ಹೆದರಿ ಬಂದ ಎಷ್ಟೋ ಹುಡುಗಿಯರಿಗೆ ಔಷಧಿ ಕೊಡದೆ ವಾಪಸು ಕಳಿಸಿದ್ದೇನೆ. ತುರಿಕೆ, ಕೆಟ್ಟ ವಾಸನೆ, ಮೊಸರು ಒಡೆದಂತಹ ಸ್ರಾವ ಇದ್ದರೆ ಮಾತು ಬೇರೆ, ಆಗ ಡಾಕ್ಟರಿಗೆ ತೋರಿಸಬೇಕು. ಬೆಳಿಗ್ಗೆ ಏಳುವ ಮುನ್ನ ಥರ್ಮಾಮೀಟರ್ ಇಡುವವರೂ ಇದ್ದಾರೆ. ಆದರೆ ಮೈಬಿಸಿ ಅರ್ಧ ಡಿಗ್ರಿ ಸೆಲ್ಸಿಯಸ್ಸಿನೊಳಗೆ ಏರುವುದು ಅಂಡ ಬಿದ್ದ ಮೇಲೆ, ಅಂದರೆ ಬಸ್ಸು ಹೋದ ಮೇಲೆ.

ನಿನ್ನ ಅತ್ತೆ ಸಮರಾತ್ರಿ, ಬೆಸರಾತ್ರಿ ಎಂದರೆಂದು ಹೇಳಿದೆ. ಮನುಸ್ಮೃತಿಯ ಮಾತದು: ಮುಟ್ಟಿನ ಮೊದಲ ದಿನದಿಂದ ಹದಿನಾರು ರಾತ್ರಿ ಋತುಕಾಲ, ಸಮಕ್ಕೆ ಗಂಡು, ಬೆಸಕ್ಕೆ ಹೆಣ್ಣು. ಮಗು ಯಾವುದೆಂಬುದು ತಂದೆಯ ವೀರ್ಯಾಣುವಿನ ಮೇಲೆ ನಿಂತಿದೆ, ರಾತ್ರಿಯ ಸಂಖ್ಯೆಯ ಮೇಲಲ್ಲ. ಅದಿರಲಿ, ಹದಿನಾರಕ್ಕೇ ನಿಲ್ಲಿಸಿದರೆ ನಿನ್ನ ಒಳ್ಳೆಯ ದಿನಗಳು ಬಹುಪಾಲು ಹೊರಗೇ ಉಳಿಯುತ್ತವೆ. ಅವರೊಡನೆ ವಾದಕ್ಕಿಳಿಯಬೇಡ, ಹೂಂಗುಟ್ಟಿ ಸುಮ್ಮನಿರು.

ಇನ್ನು ಒಂದು ಲೆಕ್ಕವನ್ನು ನೀವಿಬ್ಬರೂ ಈಗಲೇ ತಿಳಿದುಕೊಳ್ಳಬೇಕು. ನಾನು ಕೆಲಸದಲ್ಲಿದ್ದಾಗ ರಜೆಯ ಮೇಲೆ ಬಂದಿದ್ದ ಸೈನಿಕನೊಬ್ಬ ಹೆಂಡತಿಯ ಸ್ಕ್ಯಾನಿಂಗ್ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಬಂದು ನಮ್ಮ ಬೆಂಚಿನ ಮೇಲೆ ಕುಳಿತ. ಕಾಗದದಲ್ಲಿ ಎಂಟು ವಾರ ಎಂದಿತ್ತು. ಅವನು ಊರಿಗೆ ಬಂದು ಆರು ವಾರ ದಾಟಿ ಎರಡು ದಿನ. ತಾಯಿ ಆಗಲೇ ಬೆರಳು ಮಡಿಸಿ ಎಣಿಸಿ ಮಗನ ಕಿವಿಗೆ ಹಾಕಿದ್ದಳು. ಸೊಸೆ ತವರಿಗೆ ಹೋಗಿದ್ದಳು. ನಾನು ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿದೆ. ಮುಟ್ಟಾದದ್ದು ಮಾರ್ಚ್ 1, ಇವನು ಬಂದದ್ದು 13ಕ್ಕೆ, ಸ್ಕ್ಯಾನಿಂಗ್ ಏಪ್ರಿಲ್ 26ಕ್ಕೆ. ಗರ್ಭದ ವಾರಗಳನ್ನು ಎಣಿಸುವುದು ಕೂಡಿದ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ಆ ದಿನ ಎಲ್ಲರಿಗೂ ನೆನಪಿರುತ್ತದೆ ಎಂಬ ಕಾರಣಕ್ಕೆ. ಹೆರಿಗೆಗೆ 280 ದಿನ ಎನ್ನುವುದೂ ಅಲ್ಲಿಂದಲೇ. ಅವನು ಬಹಳ ಹೊತ್ತು ಕ್ಯಾಲೆಂಡರನ್ನೇ ನೋಡಿ, “ಹಾಗಾದರೆ ಮೊದಲಿನ ಆ ಎರಡು ವಾರ ಯಾರದು?” ಎಂದ. “ಯಾರದೂ ಅಲ್ಲಪ್ಪ, ಲೆಕ್ಕದ್ದು” ಎಂದೆ. ಅಂದೇ ಸಂಜೆಯ ಬಸ್ಸಿಗೆ ಹೆಂಡತಿಯ ತವರಿಗೆ ಹೋದನಂತೆ. ಆ ತಾಯಿಗೆ ಇದು ಕೊನೆಗೂ ಒಪ್ಪಿಗೆಯಾಯಿತೋ ಇಲ್ಲವೋ.

ಮುಟ್ಟು ತಪ್ಪುವ ಮೊದಲೇ ಗರ್ಭಪರೀಕ್ಷೆಯ ಪಟ್ಟಿ ತಂದು ಪರೀಕ್ಷೆ ಮಾಡಿಕೊಂಡು ಅಳಬೇಡ. ಭ್ರೂಣ ಗರ್ಭಕೋಶಕ್ಕೆ ಅಂಟಿಕೊಂಡ ಮೇಲಷ್ಟೇ ಆ ಪಟ್ಟಿ ಗುರುತಿಸುವ ಹಾರ್ಮೋನು ಮೂತ್ರಕ್ಕೆ ಬರುವುದು. ಮುಟ್ಟಾಗಬೇಕಿದ್ದ ದಿನ ಕಳೆದ ಮೇಲೆ ಬೆಳಗಿನ ಮೊದಲ ಮೂತ್ರದಲ್ಲಿ ನೋಡು. ಒಂದೇ ಗೆರೆ ಬಂದು ಮುಟ್ಟೂ ಆಗದಿದ್ದರೆ ವಾರ ಬಿಟ್ಟು ಮತ್ತೆ ನೋಡು. ಎರಡು ಗೆರೆ ಬಂದರೆ ಹನ್ನೆರಡು ವಾರದೊಳಗೆ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿಕೋ. ಐದು ತಿಂಗಳವರೆಗೆ ಊರಿಗೆ ಹೇಳಬಾರದೆಂದರೆ ಹೇಳಬೇಡ, ಡಾಕ್ಟರಿಗೆ ಹೇಳು. ಕೆಳಹೊಟ್ಟೆಯ ಒಂದೇ ಪಕ್ಕ ಜೋರಾಗಿ ನೋಯುವುದು, ತಲೆಸುತ್ತು, ರಕ್ತಸ್ರಾವ, ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗಲಿ ಎಂದು ಕಾಯಬೇಡ. ಗರ್ಭವು ಗರ್ಭಕೋಶಕ್ಕೆ ಬಾರದೆ ಅಂಡನಾಳದಲ್ಲೇ ನಿಂತಿದ್ದರೆ ಪ್ರಾಣಕ್ಕೆ ಬರುತ್ತದೆ.

ಮೊದಲ ತಿಂಗಳುಗಳಲ್ಲಿ ಗರ್ಭ ಇಳಿದುಹೋಗುವುದೂ ಉಂಟು. ಬಹುಪಾಲು ಅದು ಭ್ರೂಣದ ವರ್ಣತಂತುಗಳ ದೋಷದಿಂದ. ಕೊಡ ಎತ್ತಿದ್ದರಿಂದಲೋ ಮೆಟ್ಟಿಲು ಹತ್ತಿದ್ದರಿಂದಲೋ ಅಲ್ಲ. ಇದನ್ನು ಮುಂಚೆಯೇ ಬರೆದದ್ದಕ್ಕೆ ಅಪಶಕುನ ಎನ್ನಬೇಡ. ಆ ಹೊತ್ತಿನಲ್ಲಿ ತಮ್ಮನ್ನೇ ಶಪಿಸಿಕೊಂಡವರನ್ನು ತುಂಬ ಕಂಡಿದ್ದೇನೆ.

ನಿನಗೆ ಇಪ್ಪತ್ತಾರು. ಒಂದು ವರ್ಷ ಹೀಗೆಯೇ ನೋಡಿ, ಆಗಲಿಲ್ಲವೆಂದರೆ ಇಬ್ಬರೂ ಹೋಗಿ. ಅಳಿಯಂದಿರ ವೀರ್ಯ ಪರೀಕ್ಷೆ ಮೊದಲು ಆಗಲಿ. ಅದು ಸುಲಭ, ಸೂಜಿಯೂ ಇಲ್ಲ. ಹೆಣ್ಣಿನ ಹೊಟ್ಟೆಯನ್ನೆಲ್ಲ ಶೋಧಿಸಿದ ಮೇಲೆ ಗಂಡಸಿನ ಸರದಿ ಬರುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಫೋಲಿಕ್ ಆಮ್ಲದ ಮಾತ್ರೆ, ದಿನಕ್ಕೆ 400 ಮೈಕ್ರೋಗ್ರಾಂ, ಈಗಿನಿಂದಲೇ ಶುರುಮಾಡು. ಮಗುವಿನ ಬೆನ್ನುಹುರಿಯ ನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ನಾಲ್ಕು ವಾರದೊಳಗೆ. ಎಷ್ಟೋ ಜನರಿಗೆ ಆಗಿನ್ನೂ ಸುದ್ದಿಯೇ ತಿಳಿದಿರುವುದಿಲ್ಲ. ಥೈರಾಯ್ಡ್ ಮತ್ತು ರಕ್ತದ ಪರೀಕ್ಷೆಯೂ ಆಗಲಿ, ಮುಟ್ಟು ತಡವಾಗುವವರಿಗೆ ಅದು ಬೇಕು.

ಅಪ್ಪೆಮಿಡಿಯ ಜತೆ ಗೋಡೆಯ ಕ್ಯಾಲೆಂಡರೂ ಕಳಿಸಿದ್ದೇನೆ. ಹಾಲಿನ ಲೆಕ್ಕ ಬರೆಯುವ ಚೌಕದ ಮೂಲೆಯಲ್ಲೇ ಮುಟ್ಟಿನ ದಿನ ಒಂದು ಕೆಂಪು ಚುಕ್ಕೆ ಇಡು. ಯಾರಾದರೂ ಕೇಳಿದರೆ ಆವತ್ತು ಹಾಲಿನವನು ಬರಲಿಲ್ಲ ಎಂದರಾಯಿತು.

ಇಂತಿ,
ನಿನ್ನ ದೊಡ್ಡಮ್ಮ