ಹವಾಲ್ದಾರನಿಗೆ, ಶಿಡ್ಲಘಟ್ಟದಿಂದ

ಪ್ರಿಯ ಹವಾಲ್ದಾರ,

ರೇಷ್ಮೆಹುಳು ನಾಲ್ಕನೇ ಜ್ವರಕ್ಕೆ, ಅಂದರೆ ಪೊರೆ ಬಿಡುವ ನಿದ್ದೆಗೆ, ಕುಳಿತಿದೆ. ಸೊಪ್ಪು ಹಾಕುವ ಕೆಲಸವಿಲ್ಲ, ಅದಕ್ಕೇ ಈ ಪತ್ರ. ನಿನಗೊಬ್ಬನಿಗೇ ಕಳುಹಿಸಿದರೆ ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತೀಯ. ಎಲ್ಲರೂ ಓದುವಲ್ಲಿ ಬರೆದರೆ ನಮ್ಮೂರ ಎಮ್ಮೆ ಮೇಷ್ಟ್ರಾದರೂ ಸಾಕ್ಷಿಗಿರುತ್ತಾರೆ. ನೀನೀಗ ಎಲ್ಲಿದ್ದೀಯೆಂದು ಮಾತ್ರ ಬಾಯಿಬಿಡುವುದಿಲ್ಲ, ಹೆದರಬೇಡ.

ಸೇನೆಯಲ್ಲಿ ಸೇವೆ ಮುಂದುವರಿಸಲು ಸಹಿ ಹಾಕಿದೆ ಎಂದೆಯಲ್ಲ, ಅಂದಿನಿಂದ ನಿನ್ನ ಮೇಲೆ ಸಿಟ್ಟು. ಸಿಪಾಯಿಗೆ 15 ವರ್ಷಕ್ಕೆ ಪಿಂಚಣಿ. ನಿನಗೆ ಅದು ಎಂದೋ ದಾಟಿದೆ. ಪಿಂಚಣಿ, ಅಗ್ಗಕ್ಕೆ ಸಾಮಾನು ಸಿಗುವ ಸೇನೆಯ ಕ್ಯಾಂಟೀನ್ ಕಾರ್ಡು, ಆಸ್ಪತ್ರೆ, ಎಲ್ಲವೂ ನಿನ್ನ ಜೊತೆಗೇ ಊರಿಗೆ ಬರುತ್ತಿದ್ದವು. ಪದವಿ ಏರಿದರೆ ಪಿಂಚಣಿಯೂ ಏರುತ್ತದೆ, ಮಗಳ ಶಾಲೆಯೊಂದಿದೆ ಎಂದು ನೀನು ಲೆಕ್ಕ ಒಪ್ಪಿಸಿದೆ. ಲೆಕ್ಕ ಸರಿಯೇ. ಆದರೆ ಫೋನ್ ಇಡುವ ಮುಂಚೆ ಬಾಯಿತಪ್ಪಿ ಇನ್ನೊಂದು ಹೇಳಿದೆ: "ಹೊಸ ಹುಡುಗರಿಗೆ ಕಾಲುಚೀಲ ಒಣಗಿಸಿಕೊಳ್ಳುವುದೂ ಗೊತ್ತಿಲ್ಲ ಕಣೋ."

1984ರ ಏಪ್ರಿಲ್‌ನಿಂದ ನಮ್ಮವರು ಕಾಯುತ್ತಿರುವ ಸಿಯಾಚಿನ್‌ನಲ್ಲಿ ಗುಂಡಿಗಿಂತ ಚಳಿ, ಹಿಮಕುಸಿತಗಳೇ ಹೆಚ್ಚು ಜನರನ್ನು ಕೊಂದಿವೆ. ಅಲ್ಲಿ ಕಾಲುಚೀಲ ಒದ್ದೆಯಿದ್ದರೆ ಬೆರಳೇ ಹೋದೀತು ಎಂದು ನೀನೇ ಹಿಂದೊಮ್ಮೆ ಹೇಳಿದ್ದೆ. ನಿನ್ನ ಹೊಸ ಹುಡುಗರು ಅಗ್ನಿವೀರರು; ಅವರ ಅವಧಿ 4 ವರ್ಷ, ಆಮೇಲೆ ಕಾಯಂ ಆಗುವವರು ಹೆಚ್ಚೆಂದರೆ ಶೇ. 25. ಅಂದರೆ ನಿನಗಿಂತ ಮೊದಲೇ ಮನೆಗೆ ಹೊರಡುವ ಹುಡುಗರಿಗಾಗಿ ನೀನು ಉಳಿದಿದ್ದೀಯ! ಶಾಲೆಯ ಸ್ವಾತಂತ್ರ್ಯೋತ್ಸವದಲ್ಲಿ ನಿನ್ನ ಹೆಸರು ಹೇಳಿ ದೇಶಪ್ರೇಮದ ಬಗ್ಗೆ ಭಾಷಣ ಬಿಗಿದವನು ನಾನು. ನೀನೋ, ರಜೆಗೆ ಬಂದಾಗಲೆಲ್ಲ ಆಡುವುದು ನಿನ್ನ ಸೆಕ್ಷನ್ನಿನವರ ಗೊರಕೆ, ಜಗಳ, ಮದುವೆಗಳ ಮಾತು.

ಸಿಟ್ಟಿನಲ್ಲಿ ಒಂದಿಷ್ಟು ಹುಡುಕಿ ಓದಿದೆ. ಎರಡನೇ ಮಹಾಯುದ್ಧದ ಜರ್ಮನ್ ಸೈನಿಕರ ಬಗ್ಗೆ ಶಿಲ್ಸ್ ಮತ್ತು ಜಾನೊವಿಟ್ಜ್ ಎಂಬಿಬ್ಬರು ಸಮಾಜಶಾಸ್ತ್ರಜ್ಞರು 1948ರಲ್ಲೇ ಬರೆದಿದ್ದಾರೆ: ಅವರನ್ನು ಕೊನೆಯವರೆಗೂ ಹಿಡಿದು ನಿಲ್ಲಿಸಿದ್ದು ಸಿದ್ಧಾಂತಕ್ಕಿಂತ ಹೆಚ್ಚಾಗಿ ಪಕ್ಕದಲ್ಲಿದ್ದ ನಾಲ್ಕಾರು ಜನರಂತೆ. ಓದಿ ಮುಗಿಸುವಷ್ಟರಲ್ಲಿ ಸಿಟ್ಟು ಯಾರ ಮೇಲೆಂದು ತಿಳಿಯದಾಯಿತು.

ಭರ್ತಿಯ 1600 ಮೀಟರ್ ಓಟದಲ್ಲಿ ನೀನು ಪಾಸಾದೆ, ನಾನು ಊರಿನಲ್ಲಿ ಉಳಿದೆ. ಇಷ್ಟು ವರ್ಷ ನಾನು ಕಾಯುತ್ತಿದ್ದುದು ನಿನಗಾಗಿ ಅಲ್ಲವೇನೋ. ನೀನು ಸಾಕೆಂದು ಬಂದುಬಿಟ್ಟರೆ, ನಾನು ಉಳಿದದ್ದೇ ಸರಿಯಾಯಿತು ಎಂದು ಒಳಗೊಳಗೇ ಹೇಳಿಕೊಳ್ಳಬಹುದಿತ್ತು. ನಿನ್ನ ಸಂಬಳ ನನ್ನ ಹೊಟ್ಟೆ ಉರಿಸಿದ್ದಿಲ್ಲ. ನೀನಿಲ್ಲದಿದ್ದರೆ ಪರದಾಡುವ ಹುಡುಗರು ನಿನಗಿದ್ದಾರಲ್ಲ, ಅದು ಉರಿಸುತ್ತದೆ. ನನ್ನನ್ನು ನಂಬಿಕೊಂಡಿರುವುದು ನೂರು ಚಿಟ್ಟೆ ಇಟ್ಟ ಮೊಟ್ಟೆಗಳ ಹುಳು. ಸೊಪ್ಪು ಯಾರು ಹಾಕಿದರೂ ಅವು ತಿನ್ನುತ್ತವೆ.

ಇಷ್ಟೆಲ್ಲ ಬರೆಯಬೇಕೆಂದಿರಲಿಲ್ಲ. ನಾಳೆ ಮೇಷ್ಟ್ರು ಅಂಗಡಿ ಮುಂದೆ ನಿಲ್ಲಿಸಿ ಸಂತೈಸುತ್ತಾರೆ, ಅದನ್ನೂ ಅನುಭವಿಸಬೇಕು.

ರಜೆಗೆ ಬರುವಾಗ ಕ್ಯಾಂಟೀನಿನಿಂದ ಕುಕ್ಕರ್ ತರಬೇಕಂತೆ, ಮನೆಯವಳ ಆಜ್ಞೆ. ಐದು ಲೀಟರಿನದು. ಈ ಪತ್ರಕ್ಕೆ ಉತ್ತರವಾಗಿ ಚಿಂತಾಮಣಿ ಬಸ್ ನಿಲ್ದಾಣದ ಕಥೆಯನ್ನು ಇಲ್ಲಿ ಎತ್ತಬೇಡ. ಎತ್ತಿದರೆ ಮೂರನೆಯ ಇಡ್ಲಿಯ ವಿಷಯ ನಾನೂ ಬರೆಯುತ್ತೇನೆ, ನಿನ್ನ ಹುಡುಗರೂ ಓದಲಿ.

ಇಂತಿ,
ಊರಿನವನು