ಕೈಕಾಲೇ ಆಡದಿದ್ದರೆ?

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಕಾಗದ ಪೂರ್ತಿ ಓದಿದೆ. ಮನಸ್ಸು ಮಾತ್ರ ಒಂದೇ ಸಾಲಿನಲ್ಲಿ ನಿಂತುಬಿಟ್ಟಿದೆ. "ಕರಾಟೆಯಲ್ಲಿ ಒಬ್ಬಳೇ ಮಾಡೋ ಕಟಾ ವರಸೆಗಳೆಲ್ಲ ಬರುತ್ತೆ ಮಾವ, ಆದರೆ ನಿಜವಾಗ್ಲೂ ಯಾರಾದರೂ ಕೈ ಹಿಡಿದು ಎಳೆದರೆ ನಂಗೆ ಕೈಕಾಲೇ ಆಡಲ್ಲ" ಅಂತ ಬರೆದಿದ್ದೀಯಲ್ಲ, ಆ ಸಾಲು. ಶಿವಮೊಗ್ಗ ಬಸ್ಸಿನ ವಿಷಯ ನಿನ್ನಮ್ಮ ಫೋನಲ್ಲಿ ಹೇಳಿದ್ದಾಳೆ. ಅದನ್ನು ಮತ್ತೆ ಎತ್ತುವುದಿಲ್ಲ.

ಆ ಭಯ ನನಗೆ ಗೊತ್ತು ಮಾರಾಯ್ತಿ. ಆಗ ಕರಾಟೆಯಲ್ಲಿ ನಂದು ಬ್ರೌನ್ ಬೆಲ್ಟ್, ಬ್ಲ್ಯಾಕ್ ಬೆಲ್ಟಿನ ಹಿಂದಿನದು. ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಕುಡಿದವನೊಬ್ಬ ಬಂದು ನನ್ನ ಅಂಗಿಯ ಕಾಲರ್ ಹಿಡಿದ. ಅವನ ಹೆಬ್ಬೆರಳು ಗಂಟಲಿಗೆ ಒತ್ತುತ್ತಿತ್ತು. ಮೇಲಿನ ಗುಂಡಿ ಕಿತ್ತುಬಂತು. ನನ್ನ ಒಂದು ಬೆರಳೂ ಅಲುಗಲಿಲ್ಲ. ಜೊತೆಯವರೇ ಬಿಡಿಸಿದರು. ಕಟಾ ಅಂದರೆ ಇಷ್ಟೇನಾ ಅನ್ನಿಸಿ ಕ್ಲಾಸಿಗೆ ಹೋಗುವುದನ್ನೇ ಬಿಟ್ಟೆ. ಹಾಗೆ ಬಿಟ್ಟಿದ್ದಕ್ಕೆ ಈಗಲೂ ಸಂಕಟ ಆಗುತ್ತದೆ. ನಮಗೆ ಯಾರೂ ಅರ್ಥ ಹೇಳಿರಲಿಲ್ಲ. ಮಾಸ್ಟರ್ ಎಣಿಸುತ್ತಿದ್ದರು, ನಾವು ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಿದ್ದೆವು. ಕ್ಲಾಸಿನಲ್ಲಿ ಒಬ್ಬರೂ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದೇ ಇರಲಿಲ್ಲ. ಜಾತ್ರೆಯಲ್ಲಿ ಹಿಡಿದಾಗ ಆ ಕೈಗೆ ಏನು ಗೊತ್ತಾಗಬೇಕು?

ನಿನ್ನ ಭಯಕ್ಕೂ ಅದೇ ಕಾರಣ ಇರಬಹುದು. ನೀನು ಮಾಡುವ ಹೇಯನ್ ಕಟಾಗಳು ಜಪಾನಿನ ಓಕಿನಾವಾ ದ್ವೀಪದ ಇತೋಸು ಅಂಕೋ ಅವರ ಪಿನಾನ್ ಅನ್ನುವ ಕಟಾಗಳೇ. ಶಾಲೆಯ ಮಕ್ಕಳಿಗೆ ಕರಾಟೆ ತಂದವರು ಅವರು. ಪ್ರತಿ ವರಸೆಯ ಅರ್ಥ ತಿಳಿದುಕೊಳ್ಳಿ, ಎಲ್ಲಿ ಹೇಗೆ ಬಳಸಬೇಕು ಅಂತ ಯೋಚಿಸಿಕೊಂಡು ಅಭ್ಯಾಸ ಮಾಡಿ ಅಂತ 1908ರ ಪತ್ರದಲ್ಲಿ ಅವರೇ ಬರೆದಿದ್ದಾರೆ. ನನಗೆ ಇದು ಗೊತ್ತಾಗುವ ಹೊತ್ತಿಗೆ ಮಂಡಿ ನೋವು ಶುರುವಾಗಿತ್ತು.

ಅವುಗಳಲ್ಲಿ ಮೊದಲನೆಯದು, ಹೇಯನ್ ಶೋದಾನ್, ನೆನಪು ಮಾಡಿಕೊ. ಬಲಕ್ಕೆ ತಿರುಗಿ ಗೆದಾನ್ ಬರಾಯ್, ಅದೇ ಕೆಳಗಡೆ ತಡೆಯುವ ವರಸೆ, ಹಾಕಿದ ಮೇಲೆ, ಮುಂದಿನ ಕಾಲನ್ನು ಹಿಂದಕ್ಕೆಳೆದುಕೊಂಡು, ಮುಷ್ಟಿಯನ್ನು ಸುತ್ತಿಸಿ ಮೇಲಿಂದ ಕುಟ್ಟುತ್ತೀಯಲ್ಲ? ಮಣಿಕಟ್ಟು ಹಿಡಿದವನಿಂದ ಬಿಡಿಸಿಕೊಳ್ಳುವ ವರಸೆ ಅದು. ಅವನ ಹೆಬ್ಬೆರಳ ತುದಿ ಉಳಿದ ಬೆರಳುಗಳಿಗೆ ಸೇರುತ್ತದಲ್ಲ, ಅಲ್ಲೇ ಹಿಡಿತ ಸಡಿಲ. ಆ ಸಂದಿಗೆ ನಿನ್ನ ಮಣಿಕಟ್ಟನ್ನು ಓರೆಯಾಗಿ ತಿರುಗಿಸಿ, ಮೈಭಾರವೆಲ್ಲ ಹಿಂದಕ್ಕೆ ತಂದು ಎಳೆಯಬೇಕು. ಬರೀ ತೋಳಿನ ಬಲ ಸಾಕಾಗಲ್ಲ, ಅದಕ್ಕೇ ಕಾಲು ಹಿಂದೆ ಬರುವುದು. ಸೊಂಟಕ್ಕೆ ಸೇರುವ ಹಿಕಿಟೆ ಕೈ ಕೂಡ ಸುಮ್ನೆ ಇಟ್ಟಿದ್ದಲ್ಲ. ಎದುರಿನವನ ತೋಳು ಹಿಡಿದು ಎಳೆದುಕೊಳ್ಳುವ ಕೈ ಅದು.

ಇಷ್ಟೆಲ್ಲ ತಿಳಿದರೆ ಭಯ ಹೋಗುತ್ತಾ? ಪೂರ್ತಿ ಹೋಗಲ್ಲ, ಸುಳ್ಳು ಯಾಕೆ ಹೇಳಲಿ. ಕ್ಲಾಸಿನ ಗೆಳತಿಗೆ ಹೇಳಿ ಕೈ ಹಿಡಿಸಿಕೊ. ಮೊದಲು ಮೆಲ್ಲಗೆ, ಆಮೇಲೆ ಉಗುರು ನಾಟುವಷ್ಟು ಗಟ್ಟಿಯಾಗಿ, ಆಮೇಲೆ ನೀನು ಏನೋ ಮಾತಾಡುತ್ತಿರುವಾಗ ಹೇಳದೆ ಕೇಳದೆ. ಅರ್ಧಕ್ಕೆ ಬಿಟ್ಟವನು ನಾನು, ನಿಮ್ಮ ಮಾಸ್ಟರ್ ಬೇರೆ ಥರ ಹೇಳಿದರೆ ಅವರ ಮಾತೇ ಕೇಳು.

ಅಷ್ಟು ಮಾಡಿಯೂ ಅವತ್ತು ಕೈಕಾಲು ಆಡದೆ ಹೋಗಬಹುದು. ಅದು ನಿನ್ನ ತಪ್ಪಲ್ಲ ಪುಟ್ಟಿ. ಬಾಯಿ ಬಿಟ್ಟು ಜೋರಾಗಿ ಕೂಗು, ಕರಾಟೆಯ ಕೂಗು ಕಿಯಾಯ್ ಅಂತೂ ಬರುತ್ತಲ್ವಾ. ಕೈ ಬಿಟ್ಟರೆ ಹೊಡೆಯಲು ನಿಲ್ಲಬೇಡ, ಜನ ಇರುವ ಕಡೆ ಓಡು. ಬಸ್ಸಿನ ಆ ಮನುಷ್ಯ ಮತ್ತೆ ಕಂಡರೆ ಕಂಡಕ್ಟರಿಗೆ ಹೇಳು, 112ಕ್ಕೆ ಫೋನ್ ಮಾಡು. ಅಮ್ಮನಿಗೆ ಗಾಬರಿಯಾಗುತ್ತೆ ಅಂತ ಮುಚ್ಚಿಡಬೇಡ. ಅವಳಿಗೆ ಹೇಳಲು ಆಗದಿದ್ದರೆ ನನಗಾದರೂ ಬರೆ.

ನಿನ್ನ ಮಾವ