ಗೆರೆಯ ಆಚೆ ನಿಲ್ಲುವ ಮುನ್ನ

ಶ್ರೀ ಶರಣಬಸವೇಶ್ವರ ಪ್ರಸನ್ನ

ಕಲಬುರಗಿ

ಚಿರಂಜೀವಿ ತಮ್ಮನಿಗೆ ನಿನ್ನ ಕಾಕಾನ ಆಶೀರ್ವಾದಗಳು. ಇಲ್ಲಿ ನಾನು, ನಿನ್ನ ಕಾಕು, ಅಣ್ಣ, ವೈನಿ ಎಲ್ಲರೂ ಕ್ಷೇಮ. ತೊಗರಿ ಈ ಸಲ ಚೆನ್ನಾಗಿ ಕಾಯಿ ಕಟ್ಟಿದೆ. ರಾಶಿಗೆ ಇನ್ನೂ ದಿನ ಬೇಕು.

ನೀನು ಆಡಿದ ನಮ್ಮೂರ ಫುಟ್‌ಬಾಲ್ ಕ್ಲಬ್ಬಿನ ಕಮಿಟಿಯವರು ಮ್ಯಾನೇಜರ್ ಆಗು ಅಂತ ಕರೆಯುತ್ತಿದ್ದಾರೆ, ಬರಲೇ ಅಂತ ಮೊನ್ನೆ ರಾತ್ರಿ ನೀನು ಕೇಳಿದ್ದಕ್ಕೆ "ವಿಚಾರ ಮಾಡಿ ಹೇಳ್ತೀನಪಾ" ಅಂದು ಫೋನ್ ಇಟ್ಟುಬಿಟ್ಟೆ. ನಿನಗೆ ಬೇಸರ ಆಗಿರಬೇಕು. ಹೂಂ ಅನ್ನುವ ಮುಂಚೆ, ಊಹೂಂ ಅನ್ನುವ ಮುಂಚೆ ಹೇಳಬೇಕಾದ ಮಾತು ಬಹಳ ಇದ್ದವು. ಅವು ಫೋನಿನಲ್ಲಿ ಮುಗಿಯುವಂಥವಲ್ಲ. ಎರಡು ದಿನ ಕೂತು ಬರೆದಿದ್ದೇನೆ, ಸಮಾಧಾನದಿಂದ ಓದು.

ಕಮಿಟಿಯವರು ನಮ್ಮ ಮನೆಗೂ ಬಂದಿದ್ದರು. ಚಹಾ ಕುಡಿಯುತ್ತ, "ನಿಮ್ಮ ಹುಡುಗ ಬಂದ್ರ ಸಾಕ್ರಿ ಸರ, ಮೈದಾನ ತುಂಬ್ತದ" ಅಂದರು. ಆ ಮಾತು ನನ್ನ ಮನಸ್ಸಿನಲ್ಲಿ ಅಲ್ಲೇ ನಿಂತಿದೆ. ಮೈದಾನ ತುಂಬುತ್ತದೆ ಅಂದರೇ ಹೊರತು ತಂಡ ಸುಧಾರಿಸುತ್ತದೆ ಅಂತ ಒಬ್ಬರೂ ಅನ್ನಲಿಲ್ಲ. ಅವರು ಕೆಟ್ಟವರಲ್ಲ, ಕ್ಲಬ್ಬಿನ ಮೇಲೆ ಪ್ರೀತಿ ಇದ್ದವರೇ. ಆದರೆ ಅವರ ಕಣ್ಣಿಗೆ ಕಟ್ಟಿರುವುದು ಹತ್ತು ನಂಬರಿನ ಅಂಗಿ ಹಾಕಿಕೊಂಡು ಇಬ್ಬರನ್ನು ದಾಟಿ ಎಡಗಾಲಿನಿಂದ ಹೊಡೆಯುವ ಹುಡುಗ. ಆ ಹುಡುಗ ಈಗ ಬರಲಾರ. ಮೊಣಕಾಲು ಆಪರೇಷನ್ ಆದ, ಮೂವತ್ತೈದು ದಾಟಿದ, ಗೆರೆಯ ಆಚೆ ಅಂಗಿ ಇಸ್ತ್ರಿ ಮಾಡಿಕೊಂಡು ನಿಲ್ಲುವ ಇನ್ನೊಬ್ಬ ಮನುಷ್ಯ ಬರುತ್ತಾನೆ. ಅವನನ್ನು ಜನ ಇನ್ನೂ ನೋಡಿಲ್ಲ. ನೀನೂ ನೋಡಿಲ್ಲ.

ಇನ್ನೊಂದು ಮಾತು. ಅವರು "ಮ್ಯಾನೇಜರ್" ಅಂದಾಗ ನೀನು ಹಿಗ್ಗಿದ್ದು ನನಗೆ ಫೋನಿನಲ್ಲೇ ಗೊತ್ತಾಯಿತು. ನಮ್ಮ ಕಡೆ ಮ್ಯಾನೇಜರ್ ಅಂದರೆ ರೈಲಿನ ಟಿಕೆಟ್ ಮಾಡಿಸುವವ, ಊಟದ ಲೆಕ್ಕ ಬರೆಯುವವ. ಇಂಗ್ಲೆಂಡಿನಲ್ಲಿ ಮ್ಯಾನೇಜರ್ ಅಂದರೆ ಹನ್ನೊಂದು ಮಂದಿಯನ್ನು ಆರಿಸುವವ, ಸೋತಾಗ ಉತ್ತರ ಕೊಡುವವ. ನಿನ್ನನ್ನು ಎರಡರಲ್ಲಿ ಯಾವುದಕ್ಕೆ ಕರೆಯುತ್ತಿದ್ದಾರೆ ಅಂತ ಬಾಯಿಬಿಟ್ಟು ಕೇಳು. ತಂಡ ಆರಿಸುವ ಮಾತು ನಿನ್ನ ಒಬ್ಬನದೇ ಇರಬೇಕು, ಯಾರ ಅಳಿಯನೂ ಯಾರ ಮಗನೂ ಚೀಟಿ ಹಿಡಿದುಕೊಂಡು ಬರಬಾರದು. ಅದನ್ನು ಮೊದಲೇ ಕಾಗದದ ಮೇಲೆ ಬರೆಸಿಕೋ. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ನಿನಗೆ ಪೂರಾ ಹೇಳಿರದ ನನ್ನ ಕಥೆ ಒಂದಿದೆ. 1988ರಲ್ಲಿ ನಾನು ಆಟ ಬಿಟ್ಟೆ. ಮುಂದಿನ ವರ್ಷವೇ ಇದೇ ಕ್ಲಬ್ಬಿನವರು ಇದೇ ಥರ ಬಂದು ಕರೆದರು. ಒಂದು ದಿನವೂ ವಿಚಾರ ಮಾಡದೆ ಒಪ್ಪಿಕೊಂಡೆ. ಹನ್ನೊಂದು ವರ್ಷ ಸ್ಟಾಪರ್ ಆಗಿ, ಅಂದರೆ ಗೋಲಿನ ಮುಂದೆ ಎದುರಾಳಿಯನ್ನು ತಡೆಯುವವನಾಗಿ ಆಡಿದವನಿಗೆ ಬರಲಾರದ್ದು ಏನಿದೆ ಅಂತ ನನ್ನ ಲೆಕ್ಕ.

ಮೊದಲನೇ ವಾರ ಒಬ್ಬ ಹುಡುಗನಿಗೆ ಮೇಲಿಂದ ಬರುವ ಚೆಂಡನ್ನು ಕಾಲಲ್ಲಿ ಹಿಡಿಯುವುದು ಕಲಿಸುತ್ತಿದ್ದೆ. "ಹಿಂಗ ಹಿಡಿ" ಅಂದು ನಾನೇ ಹಿಡಿದು ತೋರಿಸಿದೆ. ಚೆಂಡು ನನ್ನ ಕಾಲಿಗೆ ಅಂಟಿ ನಿಂತಿತು. ಹುಡುಗ ಮಾಡಿದ, ಚೆಂಡು ಮೂರು ಮಾರು ಆಚೆ ಪುಟಿದು ಹೋಯಿತು. ಮತ್ತೆ ತೋರಿಸಿದೆ, ಮತ್ತೆ ಪುಟಿಯಿತು. ಹತ್ತನೇ ಸಲಕ್ಕೆ ನಾನು ಎಲ್ಲರ ಮುಂದೆ ಬೈದೆ. ಆ ಹುಡುಗ ಮರುದಿನ ಬರಲಿಲ್ಲ, ಆಮೇಲೆ ಎಂದೂ ಬರಲಿಲ್ಲ. ಅವನ ತಪ್ಪು ಏನೂ ಇರಲಿಲ್ಲ, ತಮ್ಮಾ. ನಾನು ಹೇಗೆ ಹಿಡಿಯುತ್ತೇನೆ ಅನ್ನುವುದು ನನಗೇ ಗೊತ್ತಿರಲಿಲ್ಲ. ಕಾಲಿಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ.

ಆ ಮಾತು ನನಗೆ ಸಿಕ್ಕಿದ್ದು ಆರು ವರ್ಷ ಆದ ಮೇಲೆ, ಶಾಲೆಯಲ್ಲಿ ಪಿ.ಟಿ. ಮಾಸ್ತರನಾಗಿ ಏಳನೇತ್ತೆ ಹುಡುಗಿಯರಿಗೆ ಕಲಿಸುವಾಗ. ಒಬ್ಬಳಿಗೆ, "ಮ್ಯಾಲಿಂದ ಯಾರೋ ತತ್ತಿ ಒಗೀತಾರ ಅಂತ ತಿಳಕೋ. ಅಂಗೈಯಾಗ ಹ್ಯಾಂಗ ಹಿಡೀತಿ?" ಅಂದೆ. ಅವಳು ಕೈ ಮುಂದೆ ಚಾಚಿ, ತತ್ತಿ ಬಂತೆನ್ನುವ ಗಳಿಗೆಗೆ ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು. "ಹಾಂ, ಅದನ್ನs ಕಾಲಿಲೆ ಮಾಡು" ಅಂದೆ. ಮೂರನೇ ಸಲಕ್ಕೆ ಚೆಂಡು ಅವಳ ಪಾದದ ಹತ್ತಿರ ಕೂತಿತು. ಪಾದ ಒಂದು ಗೇಣು ಹಿಂದೆ ಸರಿಯಬೇಕು, ಕಾಲಗಂಟು ಸಡಿಲ ಇರಬೇಕು. ಇಷ್ಟೇ ವಿದ್ಯೆ. ಹನ್ನೊಂದು ವರ್ಷ ಮಾಡಿದ್ದನ್ನು ನಾನು ಅವತ್ತು ಕಲಿತೆ.

ನೀನು ನನಗಿಂತ ಎಷ್ಟೋ ದೊಡ್ಡ ಆಟಗಾರ. ಅದಕ್ಕೇ ನನಗೆ ಭಯ ಹೆಚ್ಚು. ಎಷ್ಟು ಸಲೀಸಾಗಿ ಬಂದ ಆಟವೋ ಅಷ್ಟು ಕಷ್ಟ ಅದನ್ನು ಇನ್ನೊಬ್ಬರಿಗೆ ದಾಟಿಸುವುದು.

ಜಿನೆದಿನ್ ಜಿದಾನ್ ಹೆಸರು ನೀನೇ ಎತ್ತಿದೆ. ಅವನು ಆಡಿದ ರಿಯಲ್ ಮ್ಯಾಡ್ರಿಡ್‌ಗೇ ಬಂದು 2016, 2017, 2018, ಮೂರು ವರ್ಷ ಸಾಲಾಗಿ ಯುರೋಪಿನ ಕ್ಲಬ್ಬುಗಳ ದೊಡ್ಡ ಕಪ್ ಚಾಂಪಿಯನ್ಸ್ ಲೀಗ್ ಗೆದ್ದ, ಖರೆ. ಆದರೆ ಅವನು ಆಟ ಬಿಟ್ಟಿದ್ದು 2006ರಲ್ಲಿ, ಆ ಕುರ್ಚಿಯಲ್ಲಿ ಕೂತಿದ್ದು 2016ರ ಜನವರಿಯಲ್ಲಿ. ನಡುವೆ ಹತ್ತು ವರ್ಷ ಇದೆ. ಅಲ್ಲಿನ ಕೋಚ್ ಆಂಚೆಲೊಟ್ಟಿಯ ಕೈಕೆಳಗೆ ಸಹಾಯಕನಾಗಿದ್ದ, ಆಮೇಲೆ ಮೂರನೇ ದರ್ಜೆಯಲ್ಲಿ ಆಡುತ್ತಿದ್ದ ಆ ಕ್ಲಬ್ಬಿನ ಕಿರಿಯರ ತಂಡ ನಡೆಸಿದ. ವಿಶ್ವಕಪ್ ಗೆದ್ದವನು ಸಣ್ಣ ಮೈದಾನಗಳಲ್ಲಿ ನಿಂತು ಕಲಿತ. ಗ್ವಾರ್ಡಿಯೋಲಾನೂ ಹಾಗೇ. 2008ರಲ್ಲಿ ಬಾರ್ಸಿಲೋನಾದ ದೊಡ್ಡ ತಂಡ ಕೈಗೆ ಬರುವ ಮುಂಚೆ ಒಂದು ವರ್ಷ ನಾಲ್ಕನೇ ದರ್ಜೆಯಲ್ಲಿದ್ದ ಅದರ 'ಬಿ' ತಂಡವನ್ನು ಮೇಲೆತ್ತಿದ.

ಇಟಲಿಯ ಆಟಗಾರ ಪಿರ್ಲೋನ ಕಥೆ ಬೇರೆ. ಅವನ ಪಾಸು ನೋಡುವುದಕ್ಕೇ ನಾನು ರಾತ್ರಿ ಎದ್ದು ಕೂತಿರುತ್ತಿದ್ದೆ. ಯುವೆಂಟಸ್ 2020ರಲ್ಲಿ ಅವನನ್ನು ಮೊದಲು ಕಿರಿಯರ ತಂಡಕ್ಕೆ ಅಂತ ನೇಮಿಸಿತು. ಅಲ್ಲಿ ಒಂದು ಪಂದ್ಯವನ್ನೂ ನಡೆಸಿರಲಿಲ್ಲ, ಹತ್ತು ದಿನದೊಳಗೆ ದೊಡ್ಡ ತಂಡವನ್ನೇ ಕೊಟ್ಟುಬಿಟ್ಟರು. ಒಂಬತ್ತು ವರ್ಷ ಸತತ ಲೀಗ್ ಗೆದ್ದ ತಂಡ ಆ ವರ್ಷ ನಾಲ್ಕನೆಯದಾಯಿತು. ಇಟಲಿಯ ಕಪ್ ಗೆದ್ದುಕೊಟ್ಟರೂ ಕೆಲಸ ಉಳಿಯಲಿಲ್ಲ. ಅಲನ್ ಶಿಯರರ್ ನ್ಯೂಕ್ಯಾಸಲ್‌ಗೆ 206 ಗೋಲು ಹೊಡೆದವನು, ಆ ಊರಿನವನೇ. 2009ರಲ್ಲಿ ತಂಡ ಮುಳುಗುತ್ತಿದ್ದಾಗ ಕೊನೆಯ ಎಂಟು ಪಂದ್ಯಕ್ಕೆ ಬಂದ. ಒಂದೇ ಒಂದು ಗೆದ್ದ, ತಂಡ ಕೆಳಗಿನ ದರ್ಜೆಗೆ ಇಳಿಯಿತು. ಅವನ ಪ್ರೀತಿಯಲ್ಲಿ ಏನು ಕಡಿಮೆ ಇತ್ತು? ಪ್ರೀತಿಯೊಂದರಿಂದ ಡಿಫೆನ್ಸ್ ಗಟ್ಟಿ ಆಗುವುದಿಲ್ಲ.

ನನ್ನ ಮನಸ್ಸಿಗೆ ಹೆಚ್ಚು ನೋವು ಕೊಟ್ಟವನು ಲ್ಯಾಂಪಾರ್ಡ್. ಚೆಲ್ಸಿಯ ಚರಿತ್ರೆಯಲ್ಲೇ ಅತಿ ಹೆಚ್ಚು, 211 ಗೋಲು ಹೊಡೆದವನು. ಡರ್ಬಿ ಅನ್ನುವ ಕ್ಲಬ್ಬಿನಲ್ಲಿ ಒಂದೇ ವರ್ಷ ಮ್ಯಾನೇಜರ್ ಆಗಿದ್ದು 2019ರಲ್ಲಿ ಚೆಲ್ಸಿಗೇ ಮ್ಯಾನೇಜರ್ ಆಗಿ ಬಂದ. ಹೊಸ ಆಟಗಾರರನ್ನು ಕೊಳ್ಳಲು ಕ್ಲಬ್ಬಿಗೆ ನಿಷೇಧ ಇದ್ದ ಕಾಲ. ಹುಡುಗರನ್ನು ಬೆಳೆಸಿ ನಾಲ್ಕನೇ ಸ್ಥಾನಕ್ಕೆ ತಂದ. 2021ರ ಜನವರಿಯಲ್ಲಿ ಅವನನ್ನು ತೆಗೆದರು. ಅದೇ ಹುಡುಗರನ್ನು ಇಟ್ಟುಕೊಂಡು ಅವನ ಜಾಗಕ್ಕೆ ಬಂದ ಟೂಕೆಲ್ ಮೇ ತಿಂಗಳಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದ. ತಾನು ನೆಟ್ಟ ಗಿಡದ ಹಣ್ಣನ್ನು ಇನ್ನೊಬ್ಬ ಕೀಳುವುದನ್ನು ಮನೆಯಲ್ಲಿ ಕೂತು ನೋಡುವುದು ಹೇಗಿರುತ್ತದೆ ಅಂತ ಈಗಲೇ ನಿನ್ನ ಎದೆಗೆ ಕೇಳಿಕೋ. ಅದೂ ಪರಊರಿನಲ್ಲಿ ಅಲ್ಲ, ಶರಣಬಸಪ್ಪನ ಗುಡಿಗೆ ಹೋದರೆ, ಸೂಪರ್ ಮಾರ್ಕೆಟ್‌ಗೆ ಹೋದರೆ ನಾಲ್ಕು ಜನ ಗುರುತು ಹಿಡಿಯುವ ಊರಿನಲ್ಲಿ.

"ಡಾಲ್‌ಗ್ಲೀಷ್ ಆಡುತ್ತಾ ಆಡುತ್ತಾನೇ ಮ್ಯಾನೇಜರ್ ಆದನಲ್ಲ ಕಾಕಾ" ಅಂದೆ ನೀನು. ಆದ. 1985ರಲ್ಲಿ ಲಿವರ್‌ಪೂಲ್ ಅವನ ಕೈಗೆ ಬಂತು, ಮೊದಲ ವರ್ಷವೇ ಲೀಗ್ ಮತ್ತು ಎಫ್‌ಎ ಕಪ್ ಎರಡೂ ಗೆದ್ದ, ಲೀಗ್ ಗೆಲ್ಲಿಸಿದ ಗೋಲನ್ನೂ ತಾನೇ ಹೊಡೆದ. ಆದರೆ ಅವನ ಪಕ್ಕದಲ್ಲಿ ಸಲಹೆಗಾರನಾಗಿ ಕೂತಿದ್ದು ಬಾಬ್ ಪೈಸ್ಲಿ. ಆ ಪೈಸ್ಲಿಯ ಬಗ್ಗೆ ಓದು ತಮ್ಮಾ, ನಿನಗೆ ಬೇಕಾದದ್ದು ಅಲ್ಲಿದೆ. ಅವನೂ ಲಿವರ್‌ಪೂಲ್‌ಗೇ ಆಡಿದವನು. 1950ರ ಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ ಗೋಲು ಹೊಡೆದ, ಫೈನಲ್‌ಗೆ ಅವನನ್ನೇ ಕೈಬಿಟ್ಟರು. 1954ರಲ್ಲಿ ಆಟ ನಿಲ್ಲಿಸಿ ಅದೇ ಕ್ಲಬ್ಬಿನಲ್ಲಿ ಆಟಗಾರರ ಕಾಲು ತಿಕ್ಕಿದ, ಕಿರಿಯರಿಗೆ ಕಲಿಸಿದ, ಇನ್ನೊಬ್ಬರ ಸಹಾಯಕನಾದ. ಮ್ಯಾನೇಜರ್ ಆಗಲು ಇಪ್ಪತ್ತು ವರ್ಷ ಹಿಡಿಯಿತು. ಒಂಬತ್ತು ವರ್ಷ ನಡೆಸಿ ಮೂರು ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ತಂದ. ಬೆಂಚಿನ ಮೇಲೆ ಕೂತವನ ಹೊಟ್ಟೆಯೊಳಗೆ ಏನಾಗುತ್ತದೆ ಅಂತ ಅವನಿಗೆ ಗೊತ್ತಿತ್ತು. ನಿನ್ನನ್ನು ಎಂದಾದರೂ ಯಾರಾದರೂ ಬೆಂಚಿಗೆ ಕೂರಿಸಿದ್ದಾರಾ? ನನಗೆ ನೆನಪಿಲ್ಲ.

ಇದನ್ನು ಕೇಳುವುದಕ್ಕೆ ಕಾರಣ ಇದೆ. ನಾನು ಕೋಚ್ ಆದ ವರ್ಷ ನಮ್ಮ ತಂಡ ಹೇಗೋ ಫೈನಲ್ ತನಕ ಬಂದಿತ್ತು. ಗೋಲ್‌ಕೀಪರ್ ನನ್ನ ಜೀವದ ಗೆಳೆಯ, ಒಂಬತ್ತು ವರ್ಷ ನನ್ನ ಬೆನ್ನ ಹಿಂದೆ ನಿಂತವನು. ಆ ವರ್ಷ ಮೇಲಿಂದ ಬರುವ ಚೆಂಡಿಗೆ ಅವನು ತಡವಾಗಿ ಜಿಗಿಯುತ್ತಿದ್ದ. ನಾನು ನೋಡಿದ್ದೆ, ನೋಡಿಯೂ ನೋಡದಂತೆ ಇದ್ದೆ. ಹತ್ತೊಂಬತ್ತು ವರ್ಷದ ಒಬ್ಬ ಒಳ್ಳೆ ಹುಡುಗ ಬೆಂಚಿನ ಮೇಲೆ ಗ್ಲೌಸ್ ಹಾಕಿಕೊಂಡೇ ಕೂತಿದ್ದ. ಫೈನಲ್‌ನಲ್ಲಿ ಎರಡು ಕಾರ್ನರ್, ಎರಡು ಗೋಲು, ಸೋತೆವು. ಊರ ಜನ ನನ್ನನ್ನು ಬೈದದ್ದು ಮರೆತಿದ್ದೇನೆ. ವರ್ಷ ಕಳೆದ ಮೇಲೆ ಆ ಗೆಳೆಯ ತನ್ನ ಕಿರಾಣಿ ಅಂಗಡಿಯಲ್ಲಿ ಬೇಳೆ ತೂಗುತ್ತಾ ಹೇಳಿದ್ದು ಮರೆತಿಲ್ಲ. "ಆವತ್ತು ನೀ ನನ್ನ ಆಡಸಬಾರದಿತ್ತಲೇ. ಸಂಜಿ ಬೆಳಕಿನಾಗ ನನಗ ಚೆಂಡು ಎರಡೆರಡು ಕಾಣತಿತ್ತು. ಹೇಳಲಿಕ್ಕೆ ನನ್ನ ಬಾಯಿ ಬರಲಿಲ್ಲ, ಕೇಳಲಿಕ್ಕೆ ನಿನ್ನ ಬಾಯಿ ಬರಲಿಲ್ಲ."

ಈಗಿನ ತಂಡದಲ್ಲಿ ನಿನ್ನ ಜೊತೆ ಆಡಿದವರು ಇನ್ನೂ ನಾಲ್ಕು ಜನ ಇದ್ದಾರೆ. ಒಬ್ಬ ನಿನ್ನ ಲಗ್ನದಲ್ಲಿ ಬೆಳತನಕ ಓಡಾಡಿದವನು. ಅವನ ಓಟ ಮುಗಿದಿದೆ, ನಾನು ಪ್ರತಿ ರವಿವಾರ ನೋಡುತ್ತೇನೆ. ಬಂದ ಮೊದಲ ತಿಂಗಳೇ ಅದನ್ನು ನೀನು ಅವನಿಗೆ ಹೇಳಬೇಕಾಗುತ್ತದೆ, ಅವನ ಮುಖ ನೋಡಿ, ಅವನ ಮನೆಗೇ ಹೋಗಿ.

ನಮ್ಮ ಅಪ್ಪ, ಅಂದರೆ ನಿನ್ನ ಮುತ್ಯಾ, ಹೈದ್ರಾಬಾದ್ ಸಂಸ್ಥಾನದ ಕಾಲದವರು. ರೈಲು ಹತ್ತಿ ಹೋಗಿ ಸಿಟಿ ಪೊಲೀಸ್ ತಂಡದ ಆಟ ನೋಡಿ ಬರುತ್ತಿದ್ದರು. ಆ ತಂಡ 1950ರಿಂದ 1954ರ ತನಕ ಐದು ಸಲ ಸಾಲಾಗಿ ರೋವರ್ಸ್ ಕಪ್ ಗೆದ್ದಿತ್ತು. ಅಪ್ಪ ಆಟಗಾರರ ಹೆಸರಿಗಿಂತ ಮೊದಲು ಹೇಳುತ್ತಿದ್ದುದು ಆ ತಂಡದ ಕೋಚ್ ರಹೀಮ್ ಸಾಹೇಬರ ಹೆಸರು. ಸೈಯದ್ ಅಬ್ದುಲ್ ರಹೀಮ್ ವೃತ್ತಿಯಿಂದ ಶಾಲಾ ಮಾಸ್ತರರು. ಭಾರತಕ್ಕೆ 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ ತಂದವರು, 1956ರ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಒಯ್ದವರು. 1962ರ ಜಕಾರ್ತಾ ಫೈನಲ್‌ನಲ್ಲಿ ತಲೆಗೆ ಹೊಲಿಗೆ ಬಿದ್ದಿದ್ದ ಡಿಫೆಂಡರ್ ಜರ್ನೈಲ್ ಸಿಂಗ್‌ನನ್ನು ಮುಂದೆ ಗೋಲು ಹೊಡೆಯಲು ನಿಲ್ಲಿಸಿದರು. ಅವನು ಹೊಡೆದ, ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿದೆವು. ಒಬ್ಬನೊಳಗೆ ಏನಿದೆ ಅಂತ ಅವನಿಗಿಂತ ಮೊದಲು ಕಾಣುವ ಕಣ್ಣು ಅದು. ಖಾಲಿದ್ ಜಮೀಲ್‌ನನ್ನು ನೋಡು. ಗಾಯದಿಂದ ಆಟ ನಿಂತ ಮೇಲೆ ತಾನಿದ್ದ ಮುಂಬೈ ಎಫ್‌ಸಿಗೇ 2009ರಲ್ಲಿ ಕೋಚ್ ಆಗಿ ವರ್ಷಗಟ್ಟಲೆ ಸದ್ದಿಲ್ಲದೆ ದುಡಿದ. 2017ರಲ್ಲಿ ಐಜಾಲ್‌ನಂಥ ಸಣ್ಣ ಕ್ಲಬ್ಬಿಗೆ ದೇಶದ ಲೀಗ್ ಆಗಿದ್ದ ಐ-ಲೀಗ್ ಗೆದ್ದುಕೊಟ್ಟ. 2025ರಲ್ಲಿ ಭಾರತ ತಂಡವೇ ಅವನ ಕೈಗೆ ಬಂತು.

ಹಾಗಾದರೆ ನಾನು ಬೇಡ ಅನ್ನುತ್ತಿದ್ದೇನಾ? ಇಲ್ಲ. ನೀನು ಬರಬೇಕು ಅನ್ನುವ ಆಸೆ ಈ ಊರಲ್ಲಿ ಎಲ್ಲರಿಗಿಂತ ನನಗೇ ಹೆಚ್ಚು. ಈ ವರ್ಷ ಬೇಡ ಅನ್ನುತ್ತೇನೆ. ಕಮಿಟಿಯವರಿಗೆ ಎರಡು ವರ್ಷ ಕೇಳು. ಬೆಂಗಳೂರಿನಲ್ಲೇ ಇದ್ದು ಫುಟ್‌ಬಾಲ್ ಫೆಡರೇಷನ್ನಿನ 'ಡಿ' ಕೋಚಿಂಗ್ ಲೈಸೆನ್ಸ್ ಮಾಡಿಕೋ, ಆಮೇಲೆ 'ಸಿ'. ನಿನ್ನ ಹೆಸರು ಗೊತ್ತಿಲ್ಲದ ಹುಡುಗರ ತಂಡ ಯಾವುದಾದರೂ ಹಿಡಿ, ಹದಿನಾಲ್ಕರ ಒಳಗಿನವರಾದರೆ ಇನ್ನೂ ಒಳ್ಳೆಯದು. ಅವರು ನಿನ್ನ ಗೋಲು ನೋಡಿದವರಲ್ಲ, ನಿನ್ನ ಮಾತು ತಿಳಿಯದಿದ್ದರೆ ಬಾಯಿ ಬಿಟ್ಟು ನಿಲ್ಲುತ್ತಾರೆ, ಆಗ ಮಾತು ಹುಡುಕುವುದು ಕಲಿಯುತ್ತೀ. ಆ ಎರಡು ವರ್ಷದಲ್ಲಿ ಕಾಲಿನಿಂದ ತೋರಿಸುವುದನ್ನು ಆದಷ್ಟು ಕಡಿಮೆ ಮಾಡು.

ಸೊಸಿಯನ್ನೂ ಕೂರಿಸಿಕೊಂಡು ಮಾತಾಡು. ಅವಳ ನೌಕರಿ, ಕೂಸಿನ ಶಾಲೆ, ನಿನ್ನ ರಜೆಯ ಲೆಕ್ಕ ಎಲ್ಲ ನೀವಿಬ್ಬರೇ ಕೂಡಿ ನೋಡಬೇಕಾದದ್ದು. ಅವಳು ಒಪ್ಪದೆ ಒಂದು ಹೆಜ್ಜೆಯೂ ಇಡಬೇಡ. ಸೋತ ದಿನ ನೀನು ಬಾಗಿಲು ತಟ್ಟುವುದು ಕಮಿಟಿಯವರ ಮನೆಯದಲ್ಲ.

ಎರಡು ವರ್ಷ ಬಿಟ್ಟರೆ ಮತ್ತೆ ಯಾರು ಕರೆಯುತ್ತಾರೆ ಅನ್ನುವ ಸಂಕಟ ನಿನ್ನದು, ನನಗೆ ಗೊತ್ತು. ಕರೆಯದೆಯೂ ಇರಬಹುದು. ಆ ಮಾತನ್ನು ನಿನ್ನಿಂದ ಮುಚ್ಚಿಡಲಾರೆ. ಆದರೂ ನನ್ನ ಮಾತು ಇದೇ.

ಎಳ್ಳಾಮಾಸಿಗೆ ಎಲ್ಲರೂ ಬನ್ನಿ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಉಂಡು, ಮುಂದಿನ ರವಿವಾರದ ತನಕ ನಿಲ್ಲು. ಅವತ್ತು ನಮ್ಮ ಹುಡುಗರ ಪಂದ್ಯ ಇದೆ. ನೀನು ಬಂದದ್ದು ಯಾರಿಗೂ ಹೇಳುವುದಿಲ್ಲ, ಬೇವಿನ ಗಿಡದ ಕೆಳಗೆ ನಾನು, ನೀನು, ಕಿರಾಣಿ ಅಂಗಡಿಯವನು ಮೂವರೇ ಕೂರೋಣ. ಚೆಂಡಿನ ಹಿಂದೆ ಕಣ್ಣು ಓಡಿಸಬೇಡ. ಆರು ನಂಬರಿನ ಅಂಗಿಯ ಹುಡುಗನೊಬ್ಬನಿದ್ದಾನೆ, ಮೊದಲ ಅರ್ಧ ಪೂರಾ ಅವನೊಬ್ಬನನ್ನೇ ನೋಡು. ಅವನು ಚೆಂಡು ಬಂದಾಗ ಒಂದು ತಪ್ಪು ಮಾಡುತ್ತಾನೆ, ಚೆಂಡು ಇಲ್ಲದಾಗ ಬಹಳ ಒಳ್ಳೆಯದೊಂದು ಮಾಡುತ್ತಾನೆ. ನನಗೆ ಅದು ಕಾಣಲು ನಾಲ್ಕು ಪಂದ್ಯ ಬೇಕಾಯಿತು. ನಿನಗೆ ಏನು ಕಂಡಿತು ಅಂತ ಹಾಫ್ ಟೈಮಿನಲ್ಲಿ ಹೇಳು.

ನಿನ್ನ ಕಾಕಾ